ನೈಟ್ ಆಫ್ ದ ಲಿವಿಂಗ್ ಡೆಡ್: ಫ್ರೀಯಾಗಿ ಸಿಗುತ್ತೆ, ಆದರೆ ಒಳ್ಳೆ ಪ್ರಿಂಟ್ ಹುಡುಕಿ ನೋಡಿ

ಜೋಂಬಿ ಸಿನಿಮಾ ಅಂದ್ರೆ ಬರೀ ರಕ್ತ, ಕಿರುಚಾಟ ಅನ್ನುವವರು 1968ರ ಈ ಕಪ್ಪು ಬಿಳುಪು ಸಿನಿಮಾ ನೋಡಲೇಬೇಕು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬರ್ತ್‌ಡೇ ಪಾರ್ಟಿಗೆ ಬಾಡಿಗೆ ಕೊಡುವ ಪುಟ್ಟ ಥಿಯೇಟರ್ ಒಂದಿದೆ, ಅಲ್ಲಿ ಪೆನ್‌ಡ್ರೈವ್ ಹಾಕಿಸಿ ಗೆಳೆಯರ ಜೊತೆ ನೋಡಿದೆ. ಗಿರ್ಮಿಟ್, ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆವು. ಅರ್ಧ ಗಂಟೆ ಆದಮೇಲೆ ಯಾರೂ ಅದರ ಕಡೆ ಕೈ ಹಾಕಲಿಲ್ಲ.

ಕತೆ ಸಣ್ಣದು. ಸತ್ತವರು ಎದ್ದು ಬರುತ್ತಾರೆ, ಏಳು ಜನ ಒಂದು ತೋಟದ ಮನೆಯೊಳಗೆ ಸಿಕ್ಕಿಬೀಳುತ್ತಾರೆ. ನಿರ್ದೇಶಕ ಜಾರ್ಜ್ ರೊಮೆರೊ ಹತ್ತಿರ ಇದ್ದದ್ದು ಸುಮಾರು 1,14,000 ಡಾಲರ್, ರಕ್ತಕ್ಕೆ ಚಾಕೊಲೇಟ್ ಸಿರಪ್, ಹೆಸರು ಮಾಡಿದ ನಟರು ಯಾರೂ ಇಲ್ಲ. ಆಡಿಷನ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದರು ಅಂತ ಡುವೇನ್ ಜೋನ್ಸ್ ಎಂಬ ಆಫ್ರಿಕನ್-ಅಮೆರಿಕನ್ ನಟನಿಗೆ ಹೀರೋ ಬೆನ್‌ನ ಪಾತ್ರ ಕೊಟ್ಟರು. ಆ ಪಾತ್ರವನ್ನು ಒರಟು ಟ್ರಕ್ ಡ್ರೈವರ್ ಅಂತ ಬರೆದಿದ್ದರು, ಜೋನ್ಸ್ ತಮ್ಮ ಮಾತುಗಳನ್ನು ತಾವೇ ತಿದ್ದಿಕೊಂಡರು. ಇಡೀ ಸಿನಿಮಾದಲ್ಲಿ ಯಾರೂ ಅವನ ಬಣ್ಣದ ಮಾತೇ ಎತ್ತುವುದಿಲ್ಲ.

ಒಂದು ದೃಶ್ಯ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಬಾರ್ಬ್ರಾ ಎಂಬ ಬಿಳಿ ಹುಡುಗಿ ಬರಿಗಾಲಲ್ಲಿ, ಮಂಕು ಬಡಿದವಳಂತೆ ಸೋಫಾ ಮೇಲೆ ಇರುತ್ತಾಳೆ. ಬೆನ್ ಅಲಮಾರಿ ತಡಕಾಡುವಾಗ ಬಂದೂಕಿನ ಜೊತೆ ಒಂದು ಜೊತೆ ಚಪ್ಪಲಿಯೂ ಸಿಗುತ್ತೆ. ತಂದು, ಕೆಳಗೆ ಕೂತು, ಮೆಲ್ಲಗೆ ಅವಳ ಕಾಲಿಗೆ ಹಾಕುತ್ತಾನೆ. ಆ ಕಾಲದ ಅಮೆರಿಕದಲ್ಲಿ ಇದನ್ನು ತೆರೆ ಮೇಲೆ ತೋರಿಸೋದು ಸಣ್ಣ ಮಾತಲ್ಲ.

ಇಲ್ಲಿಂದ ಮುಂದೆ ಕೊನೆ ಹೇಳಿಬಿಡ್ತೀನಿ, ಬೇಡದವರು ಕೆಳಗೆ ಪ್ರಿಂಟಿನ ವಿಷಯಕ್ಕೆ ಹೋಗಿ. ರಾತ್ರಿಯಿಡೀ ಹೋರಾಡಿ ಬದುಕಿ ಉಳಿಯುವವನು ಬೆನ್ ಒಬ್ಬನೇ. ಬೆಳಗ್ಗೆ ಬಂದೂಕು ಹಿಡಿದು ಬಂದ ಜನ ಅವನನ್ನೂ ಜೋಂಬಿ ಅಂದುಕೊಂಡು ಗುಂಡು ಹೊಡೆದು ಕೊಂದುಬಿಡುತ್ತಾರೆ. ಆಮೇಲೆ ಬರೀ ಸ್ಟಿಲ್ ಫೋಟೋಗಳು, ಮಾಂಸದ ಕೊಕ್ಕೆ ಹಿಡಿದ ಕೈಗಳು. ರೊಮೆರೊ ಮುಗಿದ ಸಿನಿಮಾವನ್ನು ಕಾರಿನಲ್ಲಿ ನ್ಯೂಯಾರ್ಕಿಗೆ ಒಯ್ಯುತ್ತಿದ್ದ ರಾತ್ರಿಯೇ ರೇಡಿಯೋದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯ ಸುದ್ದಿ ಬಂತು. ಚಿತ್ರೀಕರಣ ಅದಕ್ಕೂ ಮೊದಲೇ ಆಗಿತ್ತು.

ಬೇಸರವೂ ಇದೆ. ಬಾರ್ಬ್ರಾಗೆ ಮೊದಲ ಇಪ್ಪತ್ತು ನಿಮಿಷ ಬಿಟ್ಟರೆ ಮಾಡೋಕೆ ಕೆಲಸವೇ ಇಲ್ಲ, ಸುಮ್ನೆ ಕೂತಿರುತ್ತಾಳೆ. 1990ರ ರೀಮೇಕ್‌ನಲ್ಲಿ ಅವಳೇ ಬಂದೂಕು ಎತ್ತುತ್ತಾಳೆ, ಅದನ್ನೂ ನೋಡಿ.

ನಮ್ಮ ಹಾರರ್ ಸಿನಿಮಾಗಳಲ್ಲಿ ಮೊದಲು ಸಾಯೋರು ಯಾರು? ವಾಚ್‌ಮನ್, ಅಡುಗೆಯವ, ಕೆಲಸದಾಕೆ. ನಮ್ಮ ಉತ್ತರ ಕರ್ನಾಟಕದ ಕನ್ನಡ ಮಾತಾಡೋ ಪಾತ್ರ ಇದ್ದರೂ ಜಾಸ್ತಿ ನಗಿಸೋಕೇ. ಧಾರವಾಡದಲ್ಲಿ ಮೊಬೈಲ್‌ನಲ್ಲೇ ಶಾರ್ಟ್ ಫಿಲಂ ಮಾಡೋ ಹುಡುಗರಿದ್ದಾರೆ, ಅವರಿಗೆ ಇಂಥವರೇ ಹೀರೋ ಬೇಕು ಅಂತ ಹೇಳೋ ಪ್ರೊಡ್ಯೂಸರ್ ಇಲ್ಲ. ಆ ವಾಚ್‌ಮನ್‌ನನ್ನೇ ಕೊನೆಯವರೆಗೂ ಉಳಿಸಿ ನೋಡಬಹುದು ಅಲ್ವಾ?

ಈಗ ಪ್ರಿಂಟ್. ಸಿನಿಮಾದ ಹೆಸರು ಬದಲಿಸುವಾಗ ವಿತರಕರು ಕಾಪಿರೈಟ್ ಸಾಲು ಹಾಕೋದು ಬಿಟ್ಟರು, ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇರಲಿಲ್ಲ, ಅದಕ್ಕೇ ಯಾರು ಬೇಕಾದರೂ ಹಂಚಬಹುದು. ಯೂಟ್ಯೂಬ್‌ನಲ್ಲಿ ಮಸುಕು ಕಾಪಿಗಳೇ ತುಂಬಿವೆ, ಕತ್ತಲ ದೃಶ್ಯಗಳಲ್ಲಿ ಮುಖವೇ ಕಾಣಲ್ಲ. 2016ರಲ್ಲಿ ರಿಪೇರಿ ಮಾಡಿದ ಪ್ರಿಂಟ್ ಸಿಕ್ಕರೆ ಅದನ್ನೇ ನೋಡಿ. ಬಾಡಿಗೆ ಥಿಯೇಟರ್‌ಗೆ ಹೋದರೆ ಸೌಂಡಿನ ಬೇಸ್ ಕಡಿಮೆ ಮಾಡಿಸಿ, ಇಲ್ಲದಿದ್ದರೆ ಮಾತು ಕೇಳಿಸಲ್ಲ. ಸಣ್ಣ ಮಕ್ಕಳನ್ನು ಕರ್ಕೊಂಡು ಹೋಗಬೇಡಿ.