ಗೋಡೆ ಒಣಗುವ ಮೊದಲೇ ಮುಗಿದ ಪೇಂಟಿಂಗ್ ಕೆಲಸ

ರಾಜಾಜಿನಗರದಲ್ಲಿ 30×40ರ ನಿವೇಶನದಲ್ಲಿರುವ ನಮ್ಮ ಹಳೆಯ ಮನೆಗೆ ಕಳೆದ ದೀಪಾವಳಿಗೆ ಮುಂಚೆ, ಒಂದು ಪೇಂಟಿಂಗ್ ಸೇವಾ ಸಂಸ್ಥೆಯ ಮೂಲಕ ಒಳಗೂ ಹೊರಗೂ ಬಣ್ಣ ಮಾಡಿಸಿದೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಮನೆಯಲ್ಲಿ ಕಂಡ ದೋಷಗಳು ಬೇರೆ ಯಾರು ಕೆಲಸ ಹಿಡಿದಿದ್ದರೂ, ಇದೇ ಅವಸರದಲ್ಲಿ ಮಾಡಿದ್ದರೆ, ಇದೇ ರೀತಿ ಬರುತ್ತಿದ್ದವು.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಸಾಮಾನುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ, ಸ್ವಿಚ್‌ಬೋರ್ಡುಗಳ ಸುತ್ತ ಟೇಪು ಅಂಟಿಸಿ, ದಿನವೂ ಕಸ ಗುಡಿಸಿಯೇ ಹೋಗುತ್ತಿದ್ದರು. ಒಣಗಿದ್ದ ಮಲಗುವ ಕೋಣೆಗಳ ಗೋಡೆಯಲ್ಲೂ ಚಾವಣಿಯಲ್ಲೂ ಇಂದಿಗೂ ಒಂದು ಕಲೆಯಿಲ್ಲ.

ತೊಂದರೆ ಆರಂಭವಾದದ್ದು ಹಜಾರದ ಪಶ್ಚಿಮದ ಗೋಡೆಯಲ್ಲಿ. ಅದರ ಹಿಂಬದಿಗೆ ಬಚ್ಚಲುಮನೆಯಿದೆ. ಮೊದಲ ಭೇಟಿಯಲ್ಲೇ ಮೇಲ್ವಿಚಾರಕರು ತೇವ ಅಳೆಯುವ ಯಂತ್ರವನ್ನು ಆ ಗೋಡೆಗೆ ಇಟ್ಟು, ತೇವ ಹೆಚ್ಚಿದೆ ಎಂದು ತಮ್ಮ ವರದಿಯಲ್ಲಿ ತಾವೇ ಬರೆದುಕೊಂಡಿದ್ದರು. ಆದರೂ ಅಂದಾಜು ಪಟ್ಟಿಯಲ್ಲಿ ಅದಕ್ಕೆ ಪರಿಹಾರವೆಂದು ಕಂಡದ್ದು ಒಳಬದಿಗೆ ಒಂದು ಕೋಟ್ ನೀರುನಿರೋಧಕ ಬಣ್ಣ ಮಾತ್ರ. ಮೂರು ತಿಂಗಳೊಳಗೆ ಮೊಣಕಾಲೆತ್ತರದವರೆಗೆ ಗುಳ್ಳೆಗಳೆದ್ದವು. ಒಡೆದು ನೋಡಿದರೆ ಒಳಗೆ ಹತ್ತಿಯಂತೆ ಬಿಳಿಯ ಉಪ್ಪು. ಗೋಡೆಯೊಳಗಿನ ನೀರು ಇಟ್ಟಿಗೆ ಮತ್ತು ಸಿಮೆಂಟಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಮೇಲ್ಮೈಗೆ ಬರುತ್ತದೆ. ನೀರು ಆವಿಯಾದಾಗ ಲವಣ ಅಲ್ಲಿಯೇ ಹರಳುಗಟ್ಟಿ, ಬಣ್ಣದ ಪದರವನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಒಳಬದಿಗೆ ಎಷ್ಟು ದುಬಾರಿಯ ಬಣ್ಣ ಬಳಿದರೂ ಹಿಂದಿನಿಂದ ಬರುವ ನೀರು ನಿಲ್ಲುವುದಿಲ್ಲ. ಈ ಉಪ್ಪನ್ನು ಒದ್ದೆಬಟ್ಟೆಯಿಂದ ಒರೆಸುವುದೂ ತಪ್ಪು, ಏಕೆಂದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಇಳಿಯುತ್ತದೆ. ಒಣ ಬ್ರಷ್ಷಿನಿಂದ ಉದುರಿಸಬೇಕು.

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎಂದರೆ ಭಾರಿ ಮಳೆಯ ತಿಂಗಳುಗಳು. ನಮಗೆಲ್ಲ ಮನೆಗೆ ಬಣ್ಣ ಬೇಕೆನಿಸುವುದೂ ದಸರಾ, ದೀಪಾವಳಿಗೇ. ಗೋಡೆ ಅತಿ ಹೆಚ್ಚು ನೆನೆದಿರುವಾಗಲೇ ಅದರ ಮೇಲೆ ಬಣ್ಣ ಮುಚ್ಚುವ ಈ ಅಭ್ಯಾಸದಲ್ಲಿ ನನ್ನ ಪಾಲೂ ಇದೆ. ಹಬ್ಬದೊಳಗೆ ಮುಗಿಸಿಕೊಡಿ ಎಂದು ಒತ್ತಾಯಿಸಿದವನು ನಾನೇ. ತಾರಸಿಯ ಕೈಪಿಡಿ ಗೋಡೆಯ ಬಿರುಕುಗಳಿಗೆ ಹೊಸ ಗಾರೆ ಮೆತ್ತಿ ಐದನೆಯ ದಿನಕ್ಕೇ ಬಣ್ಣ ಹೊಡೆದರು. ಹೊಸ ಗಾರೆ ಹದವಾಗಿ ಒಣಗಲು ಸುಮಾರು 28 ದಿನ ಬೇಕು, ಅಷ್ಟರೊಳಗೆ ಅದರ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಮೆತ್ತಿದ ಜಾಗಗಳೆಲ್ಲ ಈಗ ಮಾಸಿದ ಪಟ್ಟಿಗಳಾಗಿ ಕಾಣುತ್ತವೆ.

ಉಗ್ರಾಣದ ಕೋಣೆಯಲ್ಲಿ ಹಳೆಯ ಡಿಸ್ಟೆಂಪರನ್ನು ಪೂರ್ತಿ ಕೆರೆಯದೆ ಪುಟ್ಟಿ ಎಳೆದಿದ್ದರು. ಯುಗಾದಿಗೆ ಟೇಪಿನಿಂದ ಅಂಟಿಸಿದ್ದ ಕ್ಯಾಲೆಂಡರನ್ನು ತೆಗೆದಾಗ, ಅಂಗೈಯಗಲದ ಚಕ್ಕೆಯೊಂದು ಪುಟ್ಟಿಯ ಸಮೇತ ಕೈಗೆ ಬಂತು. ಗೋಡೆಯನ್ನು ಅಂಗೈಯಿಂದ ಉಜ್ಜಿದಾಗ ಬಿಳಿಯ ಪುಡಿ ಹತ್ತಿದರೆ, ಆ ಪದರ ಹೋಗುವವರೆಗೆ ಕೆರೆದು, ಉಪ್ಪುಕಾಗದ ಹಾಕಿ, ಪ್ರೈಮರ್ ಹಚ್ಚಿದ ಮೇಲಷ್ಟೇ ಮುಂದುವರಿಯಲು ಬಿಡಬೇಕು.

ಗೇಟಿನದು ಇನ್ನೊಂದು ಕತೆ. ಸಂಜೆ ಐದರ ನಂತರ, ಬೇಗ ಮುಗಿಯಲೆಂದು ಎನಾಮೆಲ್ ಬಣ್ಣವನ್ನು ದಪ್ಪವಾಗಿ ಬಳಿದರು. ದಪ್ಪ ಪದರದ ಮೇಲ್ಭಾಗ ಬೇಗ ಕೆನೆಗಟ್ಟುತ್ತದೆ, ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ಒಂದು ರಾತ್ರಿಯಾದರೂ ಕಾಯದೆ ಎರಡನೆಯ ಕೋಟ್ ಹಾಕಿದರೆ ಮೇಲ್ಮೈ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಸರಳುಗಳ ಕೆಳತುದಿಯಲ್ಲಿ ಬಣ್ಣ ಇಳಿದು ಹನಿಗಟ್ಟಿತ್ತು. ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಲೇಪನದ ಕೆಲಸದಲ್ಲಿ ಎಲ್ಲರೂ ಬಲ್ಲ ನಿಯಮ. ಮಳೆಗಾಲದ ಸಂಜೆ ಅದಕ್ಕೆ ಹೊಂದುವುದು ಕಷ್ಟ.

ಒಂದು ವರ್ಷದ ವಾರಂಟಿ ಇದ್ದುದರಿಂದ ಎರಡು ಬಾರಿ ಕೇಳಿದ ಮೇಲೆ ಗೇಟನ್ನು ಮತ್ತೆ ಮಾಡಿಕೊಟ್ಟರು. ಈ ಸಲ ಬಂದವರು ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ, ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ರೆಡ್ ಆಕ್ಸೈಡ್ ಪ್ರೈಮರನ್ನು ಮರುದಿನದವರೆಗೆ ಒಣಗಲು ಬಿಟ್ಟು, ತೆಳುವಾಗಿ ಎರಡು ಕೋಟ್ ಹಾಕಿದರು. ಅಂಥ ಕೆಲಸ ಬಲ್ಲವರು ಅವರಲ್ಲೇ ಇದ್ದಾರೆಂಬುದು ನನ್ನ ಅಸಮಾಧಾನವನ್ನು ಹೆಚ್ಚಿಸಿತು. ಹಜಾರದ ಗೋಡೆ ಮಾತ್ರ ವಾರಂಟಿಗೆ ಸೇರುವುದಿಲ್ಲವಂತೆ. ತೇವದಿಂದಾದ ಹಾನಿ ಹೊರತು ಎಂದು ಕರಾರಿನ ಕೊನೆಯ ಪುಟದಲ್ಲಿ ಬರೆದಿದೆ.

ಒಣಗಿದ, ಗಟ್ಟಿಯಾದ ಗೋಡೆಗಳಿರುವ ಮನೆಗೆ ಬೇಸಿಗೆಯಲ್ಲಿ ಇವರನ್ನು ಕರೆಯಬಹುದು. ತೇವವಿರುವ ಹಳೆಯ ಮನೆಯವರು ಮೊದಲು ಕೊಳಾಯಿ ಕೆಲಸದವರನ್ನು ಕರೆಯುವುದು ಲೇಸು. ನಮ್ಮಲ್ಲಿ ಅವರೇ ಬಂದು ಟೈಲ್ಸ್ ಹಿಂದೆ ಜಿನುಗುತ್ತಿದ್ದ ಪೈಪಿನ ಒಂದು ಕೂಡುವಿಕೆಯನ್ನು ಪತ್ತೆಹಚ್ಚಿದರು. ಹಜಾರದ ಆ ಗೋಡೆ ಈಗ ಇಟ್ಟಿಗೆಯವರೆಗೆ ಕೆತ್ತಿಸಿ ಹೊಸ ಗಾರೆಯಲ್ಲಿದೆ. ಬಣ್ಣಕ್ಕೆ ಇನ್ನೂ ಹತ್ತೊಂಬತ್ತು ದಿನ ಬಾಕಿ.