ಹೋಬಿ 16: ಮರಳಿಗೆ ನುಗ್ಗಲೆಂದೇ ಹುಟ್ಟಿದ ದೋಣಿ

ಸ್ಯಾನ್ ಡಿಯೇಗೊದಲ್ಲಿ ಹಾಯಿದೋಣಿಯ ಹುಚ್ಚು ಹತ್ತಿದವರು ಹಳೆಯ ಸಾಮಾನಿನ ಜಾಹೀರಾತುಗಳನ್ನು ತಿರುವಿಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ಹೋಬಿ 16. ಜಗತ್ತಿನಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಗಿರುವ ಕ್ಯಾಟಮರಾನ್, ಅಂದರೆ ಎರಡೊಡಲಿನ ದೋಣಿ, ಇದು. ಹೊಸದರ ಬೆಲೆ ಹತ್ತು ಸಾವಿರ ಡಾಲರ್ ದಾಟುತ್ತದೆ. ನಾನು ಹಳೆಯದೊಂದನ್ನು ಟ್ರೇಲರ್ ಸಮೇತ 1,800 ಡಾಲರಿಗೆ ಕೊಂಡು ಊರಿನ ಮಿಷನ್ ಬೇ ಕೊಲ್ಲಿಯಲ್ಲಿ ಓಡಿಸುತ್ತಿದ್ದೇನೆ. ದೋಣಿ ನನಗೆ ಇಷ್ಟ. ಹಾಗೆಂದು ಎಲ್ಲರಿಗೂ ಹೊಂದುವ ದೋಣಿ ಎಂದು ಹೇಳಲಾರೆ.

ಇದರ ಗುಣವೂ ಅವಗುಣವೂ ಒಡಲಿನ ಆಕಾರದಲ್ಲಿಯೇ ಇವೆ. ಸಾಮಾನ್ಯ ಹಾಯಿದೋಣಿ ಗಾಳಿಯ ಒತ್ತಡಕ್ಕೆ ಅಡ್ಡಡ್ಡ ಜಾರದಂತೆ ತಡೆಯಲು ತಳದಲ್ಲಿ ನೀರಿಗೆ ಇಳಿಬಿಟ್ಟ ಹಲಗೆಯೊಂದು ಇರುತ್ತದೆ. ಹೋಬಿಯಲ್ಲಿ ಅದು ಇಲ್ಲ. ಬದಲಿಗೆ ಅದರ ಎರಡು ಒಡಲುಗಳ ಹೊರಮೈ ಚಪ್ಪಟೆ, ಒಳಮೈ ಉಬ್ಬು. ಗಾಳಿ ಬೀಸಿದಾಗ ಅದರ ಮರೆಯ ಕಡೆಯ, ಅಂದರೆ ಗಾಳಿ ಬರುವ ದಿಕ್ಕಿಗೆ ಆಚೆಯ, ಒಡಲು ನೀರಿಗೆ ಹೆಚ್ಚು ಒತ್ತಿಕೊಳ್ಳುತ್ತದೆ. ಆಗ ಅದರ ಉಬ್ಬು ವಿಮಾನದ ರೆಕ್ಕೆಯಂತೆ ಕೆಲಸ ಮಾಡಿ, ದೋಣಿಯನ್ನು ಗಾಳಿಯತ್ತಲೇ ಎಳೆಯುತ್ತದೆ. ಮೇಲಾಗಿ ಒಡಲು ಬಾಳೆಹಣ್ಣಿನಂತೆ ಬಾಗಿದೆ, ಚುಕ್ಕಾಣಿಗಳು ನೆಲ ತಗುಲಿದ ಕೂಡಲೇ ತಾವಾಗಿ ಮೇಲಕ್ಕೆ ಮಡಚಿಕೊಳ್ಳುತ್ತವೆ. ಹೀಗಾಗಿ ಅಲೆಯ ಮೇಲೇರಿ ಬಂದು ನೇರವಾಗಿ ಮರಳಿಗೆ ನುಗ್ಗಿಸಬಹುದು. ಜೆಟ್ಟಿ ಬೇಡ, ಲಂಗರು ಬೇಡ.

ಈ ಉಪಾಯ ದಕ್ಷಿಣ ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ ತಲೆಯಿಂದಲೇ ಪೂರ್ತಿ ಬಂದದ್ದಲ್ಲ. 1947ರಲ್ಲಿ ಹವಾಯಿಯಲ್ಲಿ ವುಡಿ ಬ್ರೌನ್ ಮತ್ತು ಆಲ್ಫ್ರೆಡ್ ಕುಮಲೇ ಕಟ್ಟಿದ ಮನು ಕೈ ಎಂಬ ದೋಣಿಯ ಒಡಲುಗಳೂ ಹೀಗೆಯೇ ಒಳಮೈ ಬೇರೆ, ಹೊರಮೈ ಬೇರೆ. ಅದರ ಹಿಂದೆ ಪೆಸಿಫಿಕ್ ದ್ವೀಪವಾಸಿಗಳ ಸಾವಿರಾರು ವರ್ಷಗಳ ಅನುಭವವಿತ್ತು. ಆಲ್ಟರ್ ಮೊದಲು ಸರ್ಫ್‌ಬೋರ್ಡ್ ಮಾಡುತ್ತಿದ್ದವರು. ಫೋಮ್ ಮೇಲೆ ಫೈಬರ್‌ಗ್ಲಾಸ್ ಹೊದಿಸುವ ಆ ಕೈಚಳಕವನ್ನೇ ದೋಣಿಗೆ ತಂದು, ಒಬ್ಬರೇ ಓಡಿಸುವ ಹೋಬಿ 14 ಮಾಡಿದರು, ಆಮೇಲೆ ಇಬ್ಬರಿಗಾಗಿ ಈ 16. ಸಮುದ್ರತೀರದ ಸಾಮಾನ್ಯ ಜನರಿಗೆ ಕೈಗೆಟಕುವ ಆಟಿಕೆ ಮಾಡಿದ್ದು ಅವರ ಸಾಧನೆ. ಅದಕ್ಕೂ ಮುಂಚೆ ಅಮೆರಿಕದ ದೋಣಿ ಶ್ರೀಮಂತರು ಎರಡೊಡಲಿನ ದೋಣಿಗಳನ್ನು ಕಂಡರೆ ಮೂಗು ಮುರಿಯುತ್ತಿದ್ದರು. 1876ರಲ್ಲಿ ನೆಥೇನಿಯಲ್ ಹೆರೆಶಾಫ್ ತಮ್ಮ ಕ್ಯಾಟಮರಾನಿನಲ್ಲಿ ನ್ಯೂಯಾರ್ಕಿನ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿದಾಗ, ಅಂಥ ದೋಣಿಗಳನ್ನೇ ಸ್ಪರ್ಧೆಯಿಂದ ಹೊರಗಿಟ್ಟರಂತೆ! ಕಾರವಾರದ ಕಡಲಲ್ಲಿ ಒಂದು ಮಗ್ಗುಲಿಗೆ ಮರದ ತೇಲು ಕಟ್ಟಿದ ಮೀನುದೋಣಿಗಳನ್ನು ನೋಡಿಕೊಂಡೇ ಬೆಳೆದವನು ನಾನು. ಅಗಲವಾಗಿ ಕಾಲೂರಿ ನಿಂತ ದೋಣಿಯ ಮೇಲೆ ಈ ಅನುಮಾನವೇಕೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಅಳತೆಗೆ ಬರೋಣ. ಉದ್ದ ಐದು ಮೀಟರಿಗಿಂತ ತುಸು ಹೆಚ್ಚು, ಅಗಲ 2.41 ಮೀಟರ್, ತೂಕ 145 ಕಿಲೊ, ಹಾಯಿಯ ವಿಸ್ತೀರ್ಣ 218 ಚದರ ಅಡಿ. ಬಿಚ್ಚದೆಯೇ ಟ್ರೇಲರ್ ಮೇಲೆ ಹೆದ್ದಾರಿಯಲ್ಲಿ ಎಳೆದೊಯ್ಯಬಹುದಾದ ಅಗಲವಿದು. ಇಷ್ಟು ಹಗುರ ದೋಣಿಗೆ ಇಷ್ಟು ಹಾಯಿ ಎಂದರೆ ಏನಾಗುತ್ತದೆ ಎಂಬುದನ್ನು ಬೇಸಿಗೆಯ ಮಧ್ಯಾಹ್ನ ಮಿಷನ್ ಬೇಯ ಫಿಯೆಸ್ಟಾ ಐಲ್ಯಾಂಡಿನ ದಡದಿಂದ ಹೊರಟರೆ ತಿಳಿಯುತ್ತದೆ. ಪಡುವಣ ಗಾಳಿ ಹನ್ನೆರಡು ನಾಟ್ (ಗಂಟೆಗೆ ಸುಮಾರು 22 ಕಿಲೊಮೀಟರ್) ಮುಟ್ಟಿದೊಡನೆ ಗಾಳಿಯ ಕಡೆಯ ಒಡಲು ನೀರಿನಿಂದ ಏಳುತ್ತದೆ. ಹಾಯಿಕಂಬದ ತಂತಿಗೆ ಸೊಂಟದ ಪಟ್ಟಿ ಸಿಕ್ಕಿಸಿಕೊಂಡು ನನ್ನ ಹೆಂಡತಿ ದೋಣಿಯ ಅಂಚಿಗೆ ಪಾದ ಒತ್ತಿ ಹೊರಗೆ ಜೋತುಬೀಳುತ್ತಾಳೆ. ಶಿರಸಿಯ ಕಡೆಯವಳು, ಮದುವೆಯ ತನಕ ಸಮುದ್ರಕ್ಕೆ ಮೊಣಕಾಲಿಗಿಂತ ಆಳ ಇಳಿದವಳಲ್ಲ. ಈಗ ನನ್ನ ಆಜ್ಞೆಗಳನ್ನು ಅವಳು ಸಹಿಸುವುದಿಲ್ಲ. “ರೀ, ಎಳೆಯಬೇಕೋ ಬಿಡಬೇಕೋ, ಒಂದು ಮಾತು ಹೇಳಿ. ಕತೆ ಆಮೇಲೆ” ಎಂಬುದು ನಮ್ಮ ದೋಣಿಯಲ್ಲಿ ಹೆಚ್ಚಾಗಿ ಕೇಳಿಬರುವ ವಾಕ್ಯ.

ಇನ್ನು ದೂರು. ಈ ದೋಣಿ ಗಾಳಿಗೆ ಎದುರಾಗಿ ಮೂತಿ ತಿರುಗಿಸಿ, ಹಾಯಿಗೆ ಇನ್ನೊಂದು ಬದಿಯಿಂದ ಗಾಳಿ ಸಿಗುವಂತೆ ಮಗ್ಗುಲು ಬದಲಿಸಲು ಸುಲಭಕ್ಕೆ ಒಪ್ಪುವುದಿಲ್ಲ. ಒಂದೇ ಒಡಲಿನ ಪುಟ್ಟ ದೋಣಿಯಾದರೆ ಚುಕ್ಕಾಣಿ ತಳ್ಳಿದರೆ ಸಾಕು, ತಿರುಗಿಬಿಡುತ್ತದೆ. ಇಲ್ಲಿ ಎರಡು ಉದ್ದ ಒಡಲುಗಳು ನೀರನ್ನು ಹಿಡಿದುಕೊಂಡಿರುತ್ತವೆ, ಸುತ್ತ ತಿರುಗಲು ನಡುವೆ ಆಸರೆಯ ಹಲಗೆ ಇಲ್ಲ. ವೇಗ ಇರುವಾಗಲೇ ಚುಕ್ಕಾಣಿಯನ್ನು ನಿಧಾನವಾಗಿ ತಳ್ಳಬೇಕು. ಮುಂದಿನ ಚಿಕ್ಕ ಹಾಯಿಯನ್ನು ಬಿಡದೆ ಹಿಡಿದಿಟ್ಟು, ಅದಕ್ಕೆ ಎದುರು ಬದಿಯಿಂದ ಗಾಳಿ ತುಂಬಿ ಮೂತಿಯನ್ನು ದೂಡುವ ತನಕ ಕಾಯಬೇಕು. ದೊಡ್ಡ ಹಾಯಿಯ ಹಗ್ಗವನ್ನು ಸಡಿಲಿಸಬೇಕು. ಆಮೇಲೆಯೇ ಚಿಕ್ಕ ಹಾಯಿಯನ್ನು ಬದಲಿಸಬೇಕು. ಇದರ ನಡುವೆ ಚುಕ್ಕಾಣಿಯ ಉದ್ದ ಕೋಲನ್ನು ಹಗ್ಗದ ಹಿಂದಿನಿಂದ ಆಚೆಗೆ ಹಾಯಿಸಬೇಕು. ಒಂದು ಹೆಜ್ಜೆ ತಪ್ಪಿದರೂ ದೋಣಿ ನಿಂತು, ಹಿಮ್ಮುಖವಾಗಿ ತೇಲತೊಡಗುತ್ತದೆ. ಆಗ ಚುಕ್ಕಾಣಿಯನ್ನು ಉಲ್ಟಾ ತಿರುಗಿಸಿ ಪಾರಾಗಬೇಕು.

ಎರಡನೆಯ ದೂರು ಇದಕ್ಕಿಂತ ದೊಡ್ಡದು. ಮೂತಿಗಳು ತೀರ ತೆಳು. ಗಾಳಿ ಹಿಂದಿನಿಂದಲೋ ಪಕ್ಕದಿಂದಲೋ ಒಮ್ಮೆಲೇ ಜೋರಾದರೆ ಗಾಳಿಯ ಮರೆಯ ಕಡೆಯ ಮೂತಿ ನೀರಿಗೆ ಹೂತುಹೋಗುತ್ತದೆ, ದೋಣಿ ತಲೆಕೆಳಗಾಗಿ ಮುಂದಕ್ಕೆ ಪಲ್ಟಿಯಾಗುತ್ತದೆ, ತಂತಿಗೆ ಜೋತುಬಿದ್ದವರು ಹಾಯಿಕಂಬದ ಸುತ್ತ ಬೀಸಿ ಎಸೆಯಲ್ಪಡುತ್ತಾರೆ. ಹಾಗಾಗಿ ಬಿರುಸಿನ ಗಾಳಿಯಲ್ಲಿ ಇಬ್ಬರೂ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದು ಕೂರುವುದು ಕಡ್ಡಾಯ. ಆದರೂ 1970ರ ದಶಕದಲ್ಲಿ ಇದೇ ದೋಣಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಸುಮಾರು ಸಾವಿರ ಮೈಲಿಯ ವೊರೆಲ್ ಸ್ಪರ್ಧೆಯನ್ನು ಶುರುಮಾಡಿದವರಿದ್ದರು. ಅವರ ಧೈರ್ಯಕ್ಕೆ ನಮಸ್ಕಾರ. ನನಗೆ ಕೊಲ್ಲಿಯ ಬಾಯಿ ದಾಟಿ ಹೊರಗಿನ ಅಲೆಗೆ ಒಮ್ಮೆ ಮೂತಿ ತೋರಿಸಿ ಬಂದರೆ ಸಾಕು.

ಮಗುಚಿದ ದೋಣಿಯನ್ನು ಎತ್ತುವುದು ಭಾರದ ಲೆಕ್ಕಾಚಾರ. ಮೇಲ್ಭಾಗದ ಒಡಲಿನಿಂದ ಹಗ್ಗ ಇಳಿಬಿಟ್ಟು, ಕೆಳಗಿನ ಒಡಲಿನ ಮೇಲೆ ನಿಂತು, ಬೆನ್ನು ನೀರಿಗೆ ತಾಗುವಷ್ಟು ಹಿಂದಕ್ಕೆ ವಾಲಬೇಕು. ನಾವಿಬ್ಬರೂ ಸೇರಿ 130 ಕಿಲೊದ ಆಸುಪಾಸು, ಅದು ಹೇಗೋ ಸಾಲುತ್ತದೆ. ಒಬ್ಬರೇ ಆದರೆ ಸಾಲದು. ಹಾಯಿಕಂಬದೊಳಗೆ ಗಾಳಿ ಮುಚ್ಚಿಟ್ಟಿರುವುದರಿಂದ ಅದು ತೇಲಿ, ದೋಣಿ ಪೂರ್ತಿ ಬೋರಲಾಗದಂತೆ ತಡೆಯುತ್ತದೆ. ಹಳೆಯ ದೋಣಿಯಲ್ಲಿ ಈ ಮುಚ್ಚಿಗೆ ಸೋರುತ್ತಿದ್ದರೆ ಕಂಬಕ್ಕೆ ನೀರು ತುಂಬಿ, ಎತ್ತುವ ಮಾತೇ ಇಲ್ಲ.

ಕೊಳ್ಳುವವರು ಜೇಬಿನಲ್ಲೊಂದು ನಾಣ್ಯ ಇಟ್ಟುಕೊಂಡು ಹೋಗಿ. ಒಡಲಿನ ಮೇಲ್ಮೈಯನ್ನು, ಅದರಲ್ಲೂ ಮುಂದಿನ ಅಡ್ಡತೊಲೆಯ ಎದುರಿನ ಜಾಗವನ್ನು, ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಿ. ಟಣ್ ಎಂಬ ಗಟ್ಟಿ ಸದ್ದು ಒಂದೆಡೆ ಸತ್ತು ‘ದಬ್’ ಎಂದರೆ, ಒಳಗಿನ ಫೋಮ್ ಫೈಬರ್‌ಗ್ಲಾಸಿನಿಂದ ಬಿಟ್ಟುಕೊಂಡಿದೆ ಎಂದರ್ಥ. ಅಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಉಬ್ಬುತ್ತದೆ. ಅಂಗೈಯಗಲದ ಮೆತ್ತನೆ ಜಾಗವನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟು ತೂರಿಸಿ ಸರಿಪಡಿಸಬಹುದು. ಮೊಳದುದ್ದವಾಗಿದ್ದರೆ ಟ್ರೇಲರಿನ ಬೆಲೆಯನ್ನಷ್ಟೇ ಕೊಡಿ. ಕೂರುವ ಟ್ರ್ಯಾಂಪೊಲಿನ್ ಬಟ್ಟೆಯ ಹೊಲಿಗೆಯನ್ನು ಎಳೆದು ನೋಡಿ, ಬಿಸಿಲಿಗೆ ನೂಲು ಹಾಳಾಗಿರುತ್ತದೆ. ಬಿಡಿಭಾಗಗಳ ಚಿಂತೆ ಮಾತ್ರ ಇಲ್ಲ. ಹಳೆಯ ದೋಣಿಗೂ ಹೊಸ ಭಾಗ ಹೊಂದುತ್ತದೆ.

ಹಾಯಿಕಂಬದ ತುದಿಯ ಭಾಗ ಫೈಬರಿನದೋ, ಬುಡದಿಂದ ತುದಿಯವರೆಗೂ ಅಲ್ಯೂಮಿನಿಯಮ್ಮೋ ಎಂಬುದನ್ನೂ ನೋಡಿ. ಎಂಟು ಮೀಟರಿನ ಕಂಬ ವಿದ್ಯುತ್ ತಂತಿಗೆ ತಗುಲಿ ಜನ ಸತ್ತ ಮೇಲೆ, ವಿದ್ಯುತ್ ಹರಿಯದ ತುದಿಯನ್ನು ಜೋಡಿಸತೊಡಗಿದರು. ಪೂರ್ತಿ ಲೋಹದ ಕಂಬ ಅಗ್ಗಕ್ಕೆ ಸಿಗುತ್ತದೆ. ನಾನಂತೂ ಕೊಳ್ಳುವುದಿಲ್ಲ.

ಮರಳಿನಲ್ಲಿ ಎಳೆಯಲು ಉಬ್ಬಿದ ಮೆತ್ತನೆ ಚಕ್ರಗಳ ಗಾಡಿ ಬೇಕೇ ಬೇಕು. ಅದಕ್ಕೆ ಬೇರೆ ಖರ್ಚು. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಬಿಟ್ಟು ಅದೇ ಕಂಪನಿಯ ವೇವ್ ನೋಡಲಿ. ಅದು ಪ್ಲಾಸ್ಟಿಕ್ ಒಡಲಿನದು, ಮಂದ ವೇಗದ್ದು, ಆದರೆ ಸುಮ್ಮನೆ ಮೂತಿ ಹೂಳುವುದಿಲ್ಲ. ಒಬ್ಬರೇ ಹೋಗುವ ಆಸೆಯಿದ್ದರೆ ನ್ಯೂಜಿಲೆಂಡಿನ ವೆಟಾ ಎಂಬ 4.4 ಮೀಟರಿನ ಮೂರೊಡಲಿನ ದೋಣಿ ಇದೆ. ಅದರ ನಡುವೆ ಇಳಿಬಿಡುವ ಹಲಗೆ ಇರುವುದರಿಂದ ಹೇಳಿದ ಕಡೆ ತಿರುಗುತ್ತದೆ. ದಡಕ್ಕೆ ಬರುವಾಗ ಆ ಹಲಗೆಯನ್ನು ಎತ್ತಿಕೊಳ್ಳುವ ನೆನಪಿರಬೇಕು, ಬೆಲೆಯೂ ಹಳೆಯ ಹೋಬಿಯ ಹಲವು ಪಟ್ಟು.