ಹಳೇ ಕಟ್ಟೆಗೆ ಹೊಸ ಹಾಬ್ ಕೂರಿಸಿದ ಮೇಲೆ

ಅಡುಗೆಮನೆಯ ಗ್ರಾನೈಟ್ ಕಟ್ಟೆಯೊಳಗೆ ಕೂರಿಸಿದ್ದ ಹಳೇ ಹಾಬ್ (ಕಲ್ಲಿನ ಕಿಂಡಿಯೊಳಗೆ ಕೂರುವ ಗ್ಯಾಸ್ ಒಲೆ) ತೆಗೆಸಿ, ಅದೇ ಜಾಗಕ್ಕೆ ಮೂರು ಬರ್ನರ್‌ನ ಗಾಜಿನ ಹಾಬ್ ಹಾಕಿಸಿದ್ದೇನೆ. ಉರಿ ಚೆನ್ನಾಗಿದೆ, ನೋಡೋಕೂ ಚೆನ್ನಾಗಿದೆ. ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಇದರ ಕೈಪಿಡಿ.

ಮಾರುವವರೆಲ್ಲ ಮೇಲಿನ ಗಾಜಿನ ಅಗಲವನ್ನೇ ಹೇಳುತ್ತಾರೆ. ಹಳೇ ಕಟ್ಟೆ ಇರುವವರಿಗೆ ಬೇಕಾದದ್ದು ಅದಲ್ಲ, ಕಲ್ಲಿನಲ್ಲಿರಬೇಕಾದ ಕಿಂಡಿಯ ಅಳತೆ. 60 ಸೆಂ.ಮೀ. ಹಾಬ್‌ಗೆ ಸಾಮಾನ್ಯವಾಗಿ 56 ಸೆಂ.ಮೀ. ಅಗಲ, 48ರಿಂದ 49 ಸೆಂ.ಮೀ. ಉದ್ದದ ಕಿಂಡಿ ಬೇಕು. ಆದರೂ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಕಿಂಡಿ ಚಿಕ್ಕದಿದ್ದರೆ ಕೊರೆಸಬಹುದು. ದೊಡ್ಡದಿದ್ದರೆ ಗಾಜಿನ ಅಂಚು ಕೂರೋಕೆ ಕಲ್ಲೇ ಸಿಗುವುದಿಲ್ಲ, ಅಲ್ವಾ? ಈ ಕೈಪಿಡಿಯಲ್ಲಿ ಕಿಂಡಿಯ ನಕ್ಷೆ, ಗೋಡೆಯಿಂದ ಬಿಡಬೇಕಾದ ಅಂತರ, ಕೆಳಗೆ ಗಾಳಿಯಾಡೋಕೆ ಬೇಕಾದ ಜಾಗ ಎಲ್ಲವೂ ಮಿ.ಮೀ. ಲೆಕ್ಕದಲ್ಲಿದೆ. ಕೊಳ್ಳುವ ಮೊದಲೇ ಟೇಪು ಹಿಡಿದು ನೋಡಿದೆ. ಅಗಲ ಸರಿಯಿತ್ತು, ಹಿಂದುಗಡೆ ಒಂದು ಬೆರಳಿನಷ್ಟು ಕೊರೆಸಬೇಕಿತ್ತು.

ಕಲ್ಲು ಕೊರೆದವರ ಕೆಲಸ ಮೆಚ್ಚುವಂಥದ್ದು. ಬ್ಲೇಡಿಗೆ ನೀರು ಬಿಡುತ್ತಲೇ ಕೊರೆದರು, ಧೂಳೇ ಏಳಲಿಲ್ಲ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಉಜ್ಜಿದರು. ಗ್ರಾನೈಟ್ ಸೀಳುವುದು ಹೆಚ್ಚಾಗಿ ಚೂಪು ಮೂಲೆಯಿಂದಲೇ. ಅದರಲ್ಲೂ ಕಿಂಡಿಯ ಮುಂದಿನ ಸಣ್ಣ ಪಟ್ಟಿ ಬಲು ಸೂಕ್ಷ್ಮ.

ಹಾಬ್ ಫಿಟ್ ಮಾಡಲು ಬಂದವರ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಗಾಜಿನ ಕೆಳಗೆ ಸಿಲಿಕೋನ್ ಬಳಿಯಲು ಹೊರಟಿದ್ದರು. ಬಾಕ್ಸ್‌ನಲ್ಲೇ ಫೋಮ್ ಪಟ್ಟಿ ಇದೆ, ಅದನ್ನೇ ಅಂಟಿಸಿ ಎಂದೆ. ಚೆಲ್ಲಿದ ನೀರು ಕೆಳಗಿಳಿಯದಂತೆ ಅದು ತಡೆಯುತ್ತದೆ. ನಾಳೆ ರಿಪೇರಿ ಬಂದರೆ ಹಾಬ್ ಸಲೀಸಾಗಿ ಎದ್ದು ಬರುತ್ತದೆ. ಸಿಲಿಕೋನ್ ಹಿಡಿದುಕೊಂಡರೆ ಎತ್ತುವಾಗ ಗಾಜೇ ಒಡೆಯಬಹುದು. ಪೈಪ್ ಜೋಡಿಸಿದ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡುವುದನ್ನೂ ನಾನು ಕೇಳಿದ ಮೇಲೆಯೇ ಮಾಡಿದ್ದು. ಇದನ್ನು ಯಾರೂ ಕೇಳಿ ಮಾಡಿಸಿಕೊಳ್ಳುವಂತಾಗಬಾರದು. ಸಿಲಿಂಡರ್ ಗ್ಯಾಸ್‌ಗೂ ಪೈಪ್‌ಲೈನ್ ಗ್ಯಾಸ್‌ಗೂ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು) ಬೇರೆ ಬೇರೆ. ನಿಮ್ಮ ಗ್ಯಾಸ್‌ಗೆ ಸರಿಯಾದದ್ದೇ ಇದೆಯಾ ಅಂತ ಅವರಿರುವಾಗಲೇ ನೋಡಿಕೊಳ್ಳಿ. ಉರಿ ನೀಲಿಯಾಗಿ, ಬರ್ನರ್ ಸುತ್ತ ಒಂದೇ ಸಮ ನಿಲ್ಲಬೇಕು.

ಬಳಕೆಯಲ್ಲಿ ನನಗೆ ದೊಡ್ಡ ಸಮಾಧಾನ ಕೊಟ್ಟಿದ್ದು ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ. ಬರ್ನರ್ ಪಕ್ಕದಲ್ಲಿ ಸಣ್ಣ ಕಡ್ಡಿಯಂಥ ಸೆನ್ಸರ್ ಇದೆ. ಅದು ಬಿಸಿಯಾಗಿರುವವರೆಗೆ ಮಾತ್ರ ವಾಲ್ವ್ ತೆರೆದಿರುತ್ತದೆ. ಹಾಗಾಗಿ ಹಚ್ಚುವಾಗ ನಾಬ್ ಅನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಸುಮ್ನೆ ತಿರುಗಿಸಿ ಬಿಟ್ಟರೆ ಆರಿಹೋಗುತ್ತದೆ, ಅದು ದೋಷವಲ್ಲ.

ಒಂದು ಕೊರತೆ: ಮುಂದಿನ ದೊಡ್ಡ ಬರ್ನರ್ ಮೇಲೆ ಅಗಲದ ಪಾತ್ರೆ ಇಟ್ಟರೆ ಹತ್ತಿರದ ನಾಬ್ ಕೈಸುಡುವಷ್ಟು ಬಿಸಿಯಾಗುತ್ತದೆ. ಅಂಥ ಪಾತ್ರೆಯನ್ನು ನಾನು ಹಿಂದಿನ ಬರ್ನರ್‌ಗೆ ಇಡುತ್ತೇನೆ. ದಿನವೂ ದೊಡ್ಡ ಪಾತ್ರೆಗಳಲ್ಲೇ ಅಡುಗೆ ಮಾಡುವವರು 60 ಸೆಂ.ಮೀ. ಬಿಟ್ಟು 75ರದ್ದನ್ನು ನೋಡುವುದು ಒಳ್ಳೆಯದು, ಕಟ್ಟೆಯಲ್ಲಿ ಅಷ್ಟು ಕಲ್ಲು ಉಳಿದಿದ್ದರೆ.